ಮಳೆಯುಂಟು, ನೀರಿಲ್ಲ: ಮಲ್ಪೆಯ ತೆಂಗಿನ ದ್ವೀಪ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರು. ಉಡುಪಿಯ ಕರಾವಳಿಯಲ್ಲಿ ಅದು 4000 ಮಿಲಿಮೀಟರನ್ನೂ ಮೀರುವುದು. ಆದರೂ ಮಲ್ಪೆಯ ಎದುರಿಗೆ ಅರಬ್ಬೀ ಸಮುದ್ರದಲ್ಲಿರುವ ಸೇಂಟ್ ಮೇರಿ ದ್ವೀಪಗಳಲ್ಲಿ ಜನವಸತಿಯಿಲ್ಲ, ಹೊಳೆಯಿಲ್ಲ, ಕೆರೆಯಿಲ್ಲ. ಬಯಲುಸೀಮೆಯವರಾದ ನಮಗೆ ಇದು ಒಗಟಿನಂತೆ ತೋರುವುದು ಸಹಜ.

ಇವುಗಳಲ್ಲಿ ಹೆಸರಾದ ತೆಂಗಿನ ದ್ವೀಪದ ಉದ್ದ ಸುಮಾರು ಅರ್ಧ ಕಿಲೋಮೀಟರು, ಅಗಲ ಸುಮಾರು 100 ಮೀಟರು. ಅದರ ಕಲ್ಲೇ ಒಂದು ಸೋಜಿಗ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿಬಂದ ಲಾವಾರಸವು ಆರಿ ಈ ಬಂಡೆಯಾಯಿತು. ಆರುವಾಗ ಅದು ಕುಗ್ಗಿ ಸೀಳಿತು. ಐದಾರು ಮೂಲೆಗಳ ಕಂಬಗಳು ಸಾಲುಗೂಡಿ ನಿಂತುವು. ಬೇಸಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರಿಯುವುದನ್ನು ನಮ್ಮ ಸೀಮೆಯಲ್ಲಿ ನೋಡದವರಾರು? ಕೆಸರು ನೀರನ್ನು ಕಳೆದುಕೊಂಡು ಕುಗ್ಗುವುದು, ಲಾವಾ ಶಾಖವನ್ನು ಕಳೆದುಕೊಂಡು ಕುಗ್ಗುವುದು. ಮೊಳಕಾಲ್ಮೂರಿನ ಗ್ರಾನೈಟ್ ಬೆಟ್ಟಗಳಲ್ಲಿ ಮಾತ್ರ ಇಂಥ ಕಂಬಗಳನ್ನು ಹುಡುಕಿ ಫಲವಿಲ್ಲ. ಆ ಶಿಲೆ ನೆಲದಾಳದಲ್ಲಿ ಬಹು ನಿಧಾನವಾಗಿ ಆರಿದುದು.

ಈ ಸೀಳುಗಳೇ ನಮ್ಮ ಒಗಟಿಗೆ ಅರ್ಧ ಉತ್ತರ. ಬಿದ್ದ ಮಳೆ ಅವುಗಳ ಮೂಲಕ ಸೋರಿ ಕಡಲನ್ನು ಸೇರುವುದು. ಅಲ್ಪಸ್ವಲ್ಪ ಉಳಿದ ಸಿಹಿನೀರು ಹಗುರವಾದುದರಿಂದ, ನೆಲದೊಳಕ್ಕೆ ನುಗ್ಗಿದ ಉಪ್ಪುನೀರಿನ ಮೇಲೆ ತೇಲುವುದು. ಸಿಹಿನೀರಿನ ಸಾಂದ್ರತೆ 1 ಆದರೆ ಕಡಲ ನೀರಿನದು ಸುಮಾರು 1.025. ಇದರಿಂದ ಲೆಕ್ಕಹಾಕಿದರೆ, ಕಡಲ ಮಟ್ಟದ ಮೇಲೆ 1 ಅಡಿ ಸಿಹಿನೀರು ನಿಲ್ಲಬೇಕಾದರೆ ಆ ಮಟ್ಟದ ಕೆಳಗೆ 40 ಅಡಿ ಇರಬೇಕು. ಬಾವಿ ತೋಡಿ ಮೇಲಿನ ಮಟ್ಟವನ್ನು 1 ಅಡಿ ಇಳಿಸಿದರೆ, ತಳದ ಉಪ್ಪುನೀರು ಕ್ರಮೇಣ 40 ಅಡಿ ಮೇಲೇರುವುದು! ಪ್ರವಾಸಿಗಳ ಅನುಕೂಲಕ್ಕೆಂದು ಇಂಥ ನೆಲದಲ್ಲಿ ಪಂಪು ಹೂಡಿದರೆ ಮೊದಲು ಕೇಡು ತಟ್ಟುವುದು ಮರಗಳಿಗೆ ಎಂದೇ ನಮ್ಮ ಅಭಿಪ್ರಾಯ.

ಅದೇಕೆ? ಸೌತೆಕಾಯಿಯ ಹೋಳಿಗೆ ಉಪ್ಪು ಬೆರೆಸಿಟ್ಟರೆ ಅದು ನೀರುಬಿಡುವುದನ್ನು ಅಡಿಗೆಮನೆಯಲ್ಲಿ ಕಂಡಿದ್ದೇವೆ. ಇದೇ ಅಭಿಸರಣ. ಉಪ್ಪು ಮಿತಿಮೀರಿದ ನೆಲವೂ ಬೇರಿನಿಂದ ಹೀಗೆಯೇ ನೀರನ್ನು ಸೆಳೆಯುವುದು. ಸುತ್ತಲೂ ನೀರಿದ್ದು ಗಿಡಕ್ಕೆ ಬರಗಾಲ. ಆದಕಾರಣವೇ ಕರಾವಳಿಯ ಮರಳಿನಲ್ಲಿ ಹಬ್ಬುವ ಅಡಂಬು ಬಳ್ಳಿಯ ಎಲೆ ದಪ್ಪ. ನಮ್ಮ ಬಯಲಿನ ಎಕ್ಕದ ಎಲೆಯೂ ದಪ್ಪ, ಮೇಲೆ ಮೇಣದ ಲೇಪ. ಒಂದರ ಶತ್ರು ಉಪ್ಪು, ಇನ್ನೊಂದರದು ಬಿಸಿಲು. ಉಪಾಯ ಮಾತ್ರ ಒಂದೇ.

ತೆಂಗು ಉಪ್ಪನ್ನು ತಕ್ಕಮಟ್ಟಿಗೆ ಸಹಿಸುವ ಮರ. ಗಾಳಿ ತುಂಬಿದ ನಾರಿನ ಸಿಪ್ಪೆಯಿಂದಾಗಿ ಅದರ ಕಾಯಿ ಕಡಲಲ್ಲಿ ವಾರಗಟ್ಟಲೆ ತೇಲಿದರೂ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳದು. ಮರಳಿಗೆ ಬಂದು ತಂಗಿದಾಗ, ಎಳೆಯ ಮೊಳಕೆಗೆ ಬೇಕಾದ ಆಹಾರವೂ ಸಿಹಿನೀರೂ ಅದರ ಚಿಪ್ಪಿನೊಳಗೇ ಇರುವುವು.