ಹೇಂಟೆ ಕುಂಟಿದಾಗ

ಹಿತ್ತಲ ಕೋಳಿ ಕುಂಟುವುದು ಕಂಡೊಡನೆ ಅರಿಶಿನ ಮೆತ್ತಿ ಬಟ್ಟೆ ಸುತ್ತುವವರೇ ಹೆಚ್ಚು. ನೋವು ಎಲ್ಲಿದೆ ಎಂದು ನೋಡುವವರು ಕಡಿಮೆ. ಕೋಳಿಯೂ ತನ್ನ ನೋವನ್ನು ಸುಲಭಕ್ಕೆ ತೋರಿಸಿಕೊಳ್ಳುವುದಿಲ್ಲ. ಸೋತದ್ದು ತಿಳಿದರೆ ಗುಂಪಿನ ಉಳಿದವು ಕುಕ್ಕಿ ಕಾಳಿನಿಂದ ಅಟ್ಟುತ್ತವೆ. ಹಾಗಾಗಿ ಕುಂಟು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟೋ ಸಲ ಪೆಟ್ಟು ಹಳತಾಗಿರುತ್ತದೆ.

ಹಿಡಿಯುವುದಾದರೆ ಕತ್ತಲಾಗಿ ಗೂಡು ಸೇರಿದ ಮೇಲೆ ಹಿಡಿಯಿರಿ. ಹಗಲು ಅಟ್ಟಿಸಿಕೊಂಡು ಹೋದರೆ ಇರುವ ಗಾಯವೇ ದೊಡ್ಡದಾಗುತ್ತದೆ. ರೆಕ್ಕೆ ಸೇರಿಸಿ ಮೈಯನ್ನು ಹಿಡಿದು ಕಂಕುಳಲ್ಲಿ ಇಟ್ಟುಕೊಳ್ಳಿ, ಆದರೆ ಎದೆ ಒತ್ತಬೇಡಿ. ಕೋಳಿಗೆ ನಮ್ಮಂತೆ ವಪೆಯಿಲ್ಲ, ಎದೆಮೂಳೆ ಆಡಿದರೇ ಉಸಿರು. ಹಿಂದಕ್ಕೆ ಮಡಿದಂತೆ ಕಾಣುವ ಗಂಟನ್ನು ನಾವು ಮೊಣಕಾಲು ಅಂದುಕೊಳ್ಳುತ್ತೇವೆ. ಅದು ಹಿಮ್ಮಡಿಯ ಗಂಟು. ಮೊಣಕಾಲು ಇನ್ನೂ ಮೇಲೆ, ಗರಿಯೊಳಗಿದೆ. ಅಲ್ಲಿಯೂ ಬೆರಳಾಡಿಸಿ ನೋಡಬೇಕು. ಕೋಳಿಯ ಮೈಬಿಸಿಯೇ ಸುಮಾರು 41 ಡಿಗ್ರಿ ಸೆಲ್ಸಿಯಸ್, ಆದ್ದರಿಂದ ಒಂದೇ ಕಾಲು ಮುಟ್ಟಿ ಉರಿಯೂತ ಹೇಳಲಾಗದು. ಎರಡನ್ನೂ ಮುಟ್ಟಿ ಹೋಲಿಸಿ.

ಮೊದಲು ಹುಡುಕಬೇಕಾದದ್ದು ದಾರ. ಸಂತೆಯಿಂದ ತಂದ ಕೋಳಿ ಮನೆಗೆ ಹೊಂದಿಕೊಳ್ಳಲೆಂದು ಕಾಲಿಗೆ ಹುರಿ ಕಟ್ಟಿ ಗೂಟಕ್ಕೆ ಬಿಗಿಯುವ ರೂಢಿ ಇದೆ. ಬಿಚ್ಚುವುದು ಮರೆತರೆ ಅದೇ ಚರ್ಮದೊಳಗೆ ಇಳಿಯುತ್ತದೆ. ತಿಪ್ಪೆ ಕೆದರುವಾಗ ಬೆರಳಿಗೆ ಸುತ್ತಿಕೊಳ್ಳುವ ತಲೆಗೂದಲು, ಗೊಬ್ಬರದ ಚೀಲದ ಎಳೆ ಇವೂ ಸಾಮಾನ್ಯ. ಊದಿದ ಬೆರಳಿನ ಬುಡದಲ್ಲಿ ಕಾಣುವ ಸಣ್ಣ ಗೆರೆಯೇ ಗುರುತು. ಚೂಪು ಕತ್ತರಿಯಿಂದ ಎಳೆ ತೆಗೆದು, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿದರೆ ಅರ್ಧ ಕೆಲಸ ಮುಗಿಯಿತು.

ಅಂಗಾಲಲ್ಲಿ ಕಪ್ಪು ಹಕ್ಕಳೆ, ಸುತ್ತ ಊತ ಇದ್ದರೆ ಅದು ಬೇರೆ ಕಥೆ. ಎತ್ತರದಿಂದ ಗಟ್ಟಿ ನೆಲಕ್ಕೆ ಧುಮುಕಿಯೋ ಮುಳ್ಳು ಚುಚ್ಚಿಯೋ ಆದ ಸೀಳಿನೊಳಗೆ ಹೆಚ್ಚಾಗಿ ಸ್ಟಫೈಲೊಕಾಕಸ್ ಎಂಬ ಬ್ಯಾಕ್ಟೀರಿಯ ಸೇರಿರುತ್ತದೆ. ಗಿರಿರಾಜದಂಥ ಭಾರದ ಕೋಳಿಗೆ ಇದರ ಅಪಾಯ ಹೆಚ್ಚು. ಹಕ್ಕಿಯ ಕೀವು ಹರಿಯುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಹಿಸುಕಿದರೆ ಸೋಂಕು ಇನ್ನೂ ಒಳಕ್ಕೆ ಹೋಗುತ್ತದೆಯೇ ಹೊರತು ಕೀವು ಹೊರಬರದು. ಅದನ್ನು ಕೊರೆದು ತೆಗೆಯುವ ಕೆಲಸ ಪಶುವೈದ್ಯರದು.

ಮೂಳೆ ಮುರಿದಿದ್ದರೆ ಕಾಲು ಜೋತಾಡುತ್ತದೆ. ಗರಿಯಿಲ್ಲದ ಕೆಳಗಾಲಾದರೆ ಹತ್ತಿ ಸುತ್ತಿ, ತೆಳುವಾದ ಬಿದಿರು ದಬ್ಬೆ ಇಟ್ಟು ಕಟ್ಟಬಹುದು. ಬೆರಳು ತಣ್ಣಗಾದರೆ ಅಥವಾ ಊದಿದರೆ ಬಿಗಿ ಜಾಸ್ತಿಯಾಗಿದೆ ಎಂದರ್ಥ. ಹಕ್ಕಿಯ ಮೂಳೆ ಬೇಗ ಕೂಡುತ್ತದೆ, ಸುಮಾರು ಮೂರು ವಾರ ಸಾಕು. ತೊಡೆ ಮುರಿದಿದ್ದರೆ, ಮೂಳೆ ಹೊರಗೆ ಚಾಚಿದ್ದರೆ ಮನೆಯ ಕಟ್ಟು ನಡೆಯದು.

ಮೊಟ್ಟೆಯಿಡುವ ಹೇಂಟೆಯ ಮೂಳೆ ಸುಲಭಕ್ಕೆ ಮುರಿಯಲು ಕಾರಣವಿದೆ. ಒಂದು ಮೊಟ್ಟೆಯ ಚಿಪ್ಪಿಗೆ 2 ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ. ಆಗ ಹೊಟ್ಟೆಯಲ್ಲಿ ಇದ್ದದ್ದು ಸಾಲದೆ ಕಾಲುಮೂಳೆಯ ದಾಸ್ತಾನಿಗೆ ಕೈ ಹಾಕಬೇಕಾಗುತ್ತದೆ. ರಾಗಿ ಹಾಕುತ್ತೇವಲ್ಲ ಎನ್ನಬೇಡಿ. 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ, ಹೇಂಟೆ ದಿನಕ್ಕೆ ತಿನ್ನುವುದೂ ಹೆಚ್ಚುಕಡಿಮೆ 100 ಗ್ರಾಂ ಮಾತ್ರ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ತಾನೇ ಆರಿಸಿಕೊಳ್ಳುತ್ತದೆ.

ಗಾಯವೇ ಕಾಣದೆ ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಬಿದ್ದಿದ್ದರೆ ಅದು ಮಾರೆಕ್ಸ್ ಎಂಬ ವೈರಸ್ ರೋಗವಿರಬಹುದು. ಕತ್ತು ತಿರುಚಿ, ಹಸಿರು ಭೇದಿಯಾಗುತ್ತಿದ್ದರೆ ಕೊಕ್ಕರೆ ರೋಗದ ಅನುಮಾನ. ಎರಡಕ್ಕೂ ಮದ್ದಿಲ್ಲ, ಮರಿಯಲ್ಲಿ ಹಾಕಿಸುವ ಲಸಿಕೆಯೇ ರಕ್ಷೆ. ಆ ಕೋಳಿಯನ್ನು ಕೂಡಲೇ ಬೇರೆ ಮಾಡಿ ವೈದ್ಯರಿಗೆ ತಿಳಿಸಿ.

ಉಳಿದ ಬಹುಪಾಲು ಉಳುಕು. ಅದಕ್ಕೆ ಮದ್ದು ಬಿಡುವು. ಭತ್ತದ ಹೊಟ್ಟು ಹಾಸಿದ ದೊಡ್ಡ ಮಂಕರಿಯೊಳಗೆ, ಕೂತಲ್ಲಿಂದಲೇ ಕೊಕ್ಕಿಗೆ ಸಿಗುವಂತೆ ನೀರು, ನುಚ್ಚು ಇಡಿ. ಬೇರೆ ಕೋಳಿಗಳ ದನಿ ಕೇಳುತ್ತಿರಲಿ. ಕಣ್ಮರೆಯಾದ ಹೇಂಟೆ ಮರಳಿದಾಗ ಗುಂಪು ಅದನ್ನು ಹೊಸಬಳೆಂದೇ ಕುಕ್ಕುತ್ತದೆ. ಮನೆಯಲ್ಲಿರುವ ನೋವಿನ ಮಾತ್ರೆ ಪುಡಿ ಮಾಡಿ ಹಾಕುವ ಆಸೆಗೆ ಬೀಳಬೇಡಿ. ಡೈಕ್ಲೊಫೆನಾಕ್ ಹಕ್ಕಿಯ ಮೂತ್ರಪಿಂಡ ಕೆಡಿಸುತ್ತದೆ. ದನಗಳಿಗೆ ಕೊಟ್ಟ ಆ ಮದ್ದಿನಿಂದ ರಣಹದ್ದುಗಳು ಸತ್ತದ್ದಕ್ಕೇ ಭಾರತ 2006ರಲ್ಲಿ ಅದನ್ನು ಪಶುಚಿಕಿತ್ಸೆಯಲ್ಲಿ ನಿಷೇಧಿಸಿತು. ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟರೆ ಮೊಟ್ಟೆ ಎಷ್ಟು ದಿನ ತಿನ್ನಬಾರದೆಂದು ಕೇಳಿಕೊಳ್ಳಿ.

ಕುಂಟು ಬಿಟ್ಟ ಮೇಲೂ ಕೆಲವು ದಿನ ಹುಂಜದಿಂದ ದೂರವಿಡಬೇಕು. ಅದು ಮೇಲೇರಿದಾಗ ಪೂರ್ತಿ ಭಾರ ಬೀಳುವುದು ಆ ಕಾಲುಗಳ ಮೇಲೆಯೇ.