ಬಿಸಿಲಿಗೆ ಇನ್ಸುಲಿನ್ ಯಾಕೆ ಕೆಡುತ್ತೆ? ಪೆಪ್ಟೈಡ್ ಆಕಾರವನ್ನ ಲೇಸರ್ ಹಿಡಿಯೋದು ಹೀಗೆ

ಪುರವರ: ಬೇಸಿಗೆ ಬಂತೆಂದರೆ ಮಧುಗಿರಿ ಸೀಮೆಯಲ್ಲಿ ಸಕ್ಕರೆ ಕಾಯಿಲೆ ಇರುವವರ ಮನೆಗಳಲ್ಲಿ ಒಂದು ಚಿಂತೆ ಹೆಚ್ಚು. ಇನ್ಸುಲಿನ್ ಬಾಟಲಿ ಎಲ್ಲಿಡೋದು? ಫ್ರಿಡ್ಜ್ ಇದ್ದರೂ ಕರೆಂಟ್ ನಂಬಕ್ಕಾಗಲ್ಲ. ಇಲ್ಲದವರು ಮಣ್ಣಿನ ಮಡಕೆ, ಒದ್ದೆ ಬಟ್ಟೆಗೆ ಮೊರೆ ಹೋಗುತ್ತಾರೆ. ಬಿಸಿಲಲ್ಲಿ ಬಿದ್ದಿದ್ದ ಬಾಟಲಿ ನೋಡೋಕೆ ಮೊದಲಿನ ಹಾಗೇ ಇದ್ದರೂ ಔಷಧಿಯ ಶಕ್ತಿ ಕಡಿಮೆ ಆಗಿರಬಹುದು. ಹಾಗಾದ್ರೆ ಒಳಗೆ ಕೆಟ್ಟಿದ್ದೇನು?

ಕೆಡೋದು ಆಕಾರ. ಅಮೈನೋ ಆಮ್ಲ ಅನ್ನೋ ಮಣಿಗಳನ್ನು ಪೋಣಿಸಿದ ಸರಕ್ಕೆ ಪೆಪ್ಟೈಡ್ ಅಂತಾರೆ. ಇನ್ಸುಲಿನ್‌ನಲ್ಲಿ ಅಂಥ ಎರಡು ಸರ, ಒಂದರಲ್ಲಿ 21 ಮಣಿ, ಇನ್ನೊಂದರಲ್ಲಿ 30. ಇವು ಒಂದು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡಿದ್ದರೆ ಮಾತ್ರ ಜೀವಕೋಶದ ಬೀಗಕ್ಕೆ ಕೀಲಿಯಂತೆ ಕೂರುತ್ತವೆ. ಬಿಸಿ ತಾಗಿದರೆ ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿ, ಗಂಟು ಕಟ್ಟುತ್ತವೆ. ಮಣಿಗಳು ಅವೇ, ಕೆಲಸ ಮಾತ್ರ ನಡೆಯಲ್ಲ.

ಈ ಮಡಿಕೆಯ ಲೆಕ್ಕ ಹಾಕಿದ ದೊಡ್ಡ ಹೆಸರು ಜಿ.ಎನ್. ರಾಮಚಂದ್ರನ್. 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ (ಈಗಿನ ಐಐಎಸ್‌ಸಿ) ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬಂದವರು, ಸಿ.ವಿ. ರಾಮನ್ ಕೈಗೆ ಸಿಕ್ಕಿ ಭೌತಶಾಸ್ತ್ರಕ್ಕೆ ಹೋದರು. 1963ರಲ್ಲಿ ಮದ್ರಾಸಿನಲ್ಲಿದ್ದಾಗ ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಜತೆ ಸೇರಿ, ಪ್ರತಿ ಮಣಿಯ ಹತ್ತಿರ ಸರ ಯಾವ ಕೋನದಲ್ಲಿ ತಿರುಗಬಹುದು, ಯಾವುದರಲ್ಲಿ ಆಗಲ್ಲ ಅಂತ ನಕ್ಷೆ ಮಾಡಿದರು. ಅದೇ ರಾಮಚಂದ್ರನ್ ಪ್ಲಾಟ್. ಆಮೇಲೆ ಬೆಂಗಳೂರಿಗೆ ವಾಪಸ್ ಬಂದು ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕ ಕಟ್ಟಿದರು. ಆಕ್ಸ್‌ಫರ್ಡ್‌ನಲ್ಲಿ ಡೊರೊತಿ ಹಾಜ್‌ಕಿನ್ ತಂಡ 1969ರಲ್ಲಿ ಎಕ್ಸ್-ರೇಯಿಂದ ಇನ್ಸುಲಿನ್ ಆಕಾರ ಬಿಡಿಸಿದಾಗ ಆ ತಂಡದಲ್ಲಿದ್ದ ಎಂ. ವಿಜಯನ್ ಕೂಡ ಬಂದು ಸೇರಿದ್ದು ಇದೇ ಘಟಕಕ್ಕೆ.

ಎಕ್ಸ್-ರೇಗೆ ಹರಳು ಬೇಕು. ಹರಳಲ್ಲಿ ಅಣುಗಳು ಒತ್ತೊತ್ತಾಗಿರುತ್ತವೆ, ನೀರಲ್ಲಿದ್ದರೆ ಸುತ್ತ ನೀರಿನ ಅಣುಗಳ ತಳ್ಳಾಟ. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಯ ನೂಕುನುಗ್ಗಲಲ್ಲಿ ಒಬ್ಬ ಸೊಟ್ಟಗೆ ನಿಂತಿದ್ದರೆ, ಅವನು ನಿಲ್ಲೋದೇ ಹಾಗೋ, ಪಕ್ಕದವರು ತಳ್ಳಿದ್ದಕ್ಕೋ ಹೇಗೆ ಹೇಳೋದು? ಅವನೊಬ್ಬನನ್ನೇ ಖಾಲಿ ಬಯಲಲ್ಲಿ ನಿಲ್ಲಿಸಿ ನೋಡಬೇಕು. ಪೆಪ್ಟೈಡನ್ನು ಅನಿಲ ಸ್ಥಿತಿಯಲ್ಲಿ, ನಿರ್ವಾತದಲ್ಲಿ ಒಂಟಿಯಾಗಿ ಪರೀಕ್ಷಿಸೋದು ಅದಕ್ಕೇ.

ತೊಂದರೆ ಏನಂದ್ರೆ, ಪೆಪ್ಟೈಡನ್ನು ಕಾಯಿಸಿ ಆವಿ ಮಾಡಕ್ಕಾಗಲ್ಲ. ಬಾಣಲೆಯ ಬೆಲ್ಲದಂತೆ ಸೀದು ಹೋಗುತ್ತೆ. ಅದಕ್ಕೆ ಗ್ರಾಫೈಟ್ ಮೇಲೆ ಸವರಿ, ಒಂದು ಲೇಸರ್ ಹೊಡೆತದಿಂದ ಕ್ಷಣಾರ್ಧದಲ್ಲಿ ಎಬ್ಬಿಸುತ್ತಾರೆ. ಎದ್ದ ಅಣುವನ್ನು ಆರ್ಗಾನ್‌ನಂಥ ಅನಿಲ ಹೊತ್ತುಕೊಂಡು, ಸಣ್ಣ ತೂತಿಂದ ನಿರ್ವಾತಕ್ಕೆ ನುಗ್ಗುತ್ತೆ. ಸೈಕಲ್ ಟ್ಯೂಬಿನ ಗಾಳಿ ಬಿಟ್ಟಾಗ ಬೆರಳಿಗೆ ತಣ್ಣಗಾಗುತ್ತಲ್ಲ, ಹಾಗೆ. ಆದರೆ ಇಲ್ಲಿ ಮೈನಸ್ 250 ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತೆ. ಅಷ್ಟು ಚಳಿಯಲ್ಲಿ ಅಣುವಿನ ಒದ್ದಾಟ ನಿಂತು, ಒಂದೊಂದು ಭಂಗಿಯಲ್ಲಿ ಸ್ತಬ್ಧವಾಗುತ್ತೆ.

ಆಮೇಲೆ ಇನ್ನೆರಡು ಲೇಸರ್. ನೇರಳಾತೀತ ಲೇಸರ್ ಒಂದೇ ಒಂದು ಭಂಗಿಯ ಅಣುಗಳನ್ನು ಆರಿಸಿ ವಿದ್ಯುದಂಶ ಕೊಡುತ್ತೆ, ಉಪಕರಣ ಅವನ್ನು ಎಣಿಸುತ್ತೆ. ಇದಕ್ಕೆ ಸರದಲ್ಲಿ ಫಿನೈಲ್‌ಅಲನಿನ್ ಥರದ, ಉಂಗುರ ಇರೋ ಮಣಿ ಬೇಕು. ಅದಕ್ಕೂ ಮುಂಚೆ ಅವಕೆಂಪು ಲೇಸರ್ ಹಾಯಿಸುತ್ತಾರೆ. ಅದರ ಬಣ್ಣ ಅಣುವಿನ ಕಂಪನಕ್ಕೆ ಸರಿಹೊಂದಿದರೆ ಅಣು ಬೆಳಕು ನುಂಗುತ್ತೆ, ಎಣಿಕೆ ತಟ್ಟನೆ ಇಳಿಯುತ್ತೆ. ನೈಟ್ರೋಜನ್-ಹೈಡ್ರೋಜನ್ ಜೋಡಿ ಬಿಡಿಯಾಗಿದ್ದರೆ ಕಂಪನ ಜೋರು. ಪಕ್ಕದ ಆಮ್ಲಜನಕದ ಜತೆ ಹೈಡ್ರೋಜನ್ ಬಂಧ ಕಟ್ಟಿಕೊಂಡಿದ್ದರೆ ಕಂಪನ ಇಳಿಯುತ್ತೆ. ಎಷ್ಟು ಇಳಿಯಿತು ಅನ್ನೋದರಿಂದ ಸರ ಎಲ್ಲಿ ಮಡಚಿದೆ ಅಂತ ಗೊತ್ತಾಗುತ್ತೆ. ಲೇಸರ್ ಫೋಟೋ ತೆಗೆಯಲ್ಲ, ಗಮನಿಸಿ. ಕಂಪ್ಯೂಟರ್ ಲೆಕ್ಕ ಹಾಕಿದ ಆಕಾರಗಳ ಜತೆ ತಾಳೆ ನೋಡಿ ತೀರ್ಮಾನಿಸಬೇಕು, ಬೆರಳಚ್ಚು ಹೋಲಿಸಿದಂಗೆ.

ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಥಾಮಸ್ ರಿಜೋ, ಒಲೆಗ್ ಬೊಯಾರ್ಕಿನ್ ತಂಡ, ಸಿಂಪಡಿಸಿ ಆವಿ ಮಾಡುವ ಬೇರೆ ವಿಧಾನದಲ್ಲಿ, 10 ಮಣಿಗಳ ಗ್ರಾಮಿಸಿಡಿನ್ ಎಸ್ ಎಂಬ ಆ್ಯಂಟಿಬಯಾಟಿಕ್ ಅನ್ನು ಹೀಗೇ ಹಿಡಿಯಿತು. ಆಮೇಲೆ ಒಂದೊಂದೇ ನೀರಿನ ಅಣು ಸೇರಿಸುತ್ತಾ ಹೋದರೆ, ಮೊದಲೆರಡಕ್ಕೇ ಅದರ ಆಕಾರ ಬದಲಾಗತೊಡಗಿತ್ತು. ನಮ್ಮಲ್ಲಿ ಪುಣೆಯ ಐಸರ್‌ನಲ್ಲಿ ಅಲೋಕ್ ದಾಸ್ ಸಣ್ಣ ಪೆಪ್ಟೈಡ್‌ಗಳ ಮೇಲೆ ಈ ಕೆಲಸ ಮಾಡಿದ್ದಾರೆ. ಬೆಂಗಳೂರಿನ ಐಐಎಸ್‌ಸಿಯ ಇ. ಅರುಣನ್ ಅದೇ ಥರದ ತಣ್ಣನೆಯ ಅನಿಲ ಧಾರೆಯಲ್ಲಿ, ಆದರೆ ಮೈಕ್ರೋವೇವ್ ಬಳಸಿ, ಹೈಡ್ರೋಜನ್ ಬಂಧ ಅಳೆದವರು. ಆ ಬಂಧಕ್ಕೆ 2011ರಲ್ಲಿ ಬಂದ ಅಂತಾರಾಷ್ಟ್ರೀಯ ಹೊಸ ವ್ಯಾಖ್ಯಾನದ ಸಮಿತಿಗೆ ಮುಖ್ಯಸ್ಥರೂ ಅವರೇ.

ಇದರಿಂದ ನಾಳೆಯೇ ಬಿಸಿಲಿಗೆ ಕೆಡದ ಇನ್ಸುಲಿನ್ ಬರುತ್ತೆ ಅಂದುಕೊಂಡರೆ ತಪ್ಪು. ದೇಹದೊಳಗೆ ನಿರ್ವಾತ ಇಲ್ಲ, 51 ಮಣಿಯ ಲೆಕ್ಕವೂ ಕಷ್ಟ. ಸಣ್ಣ ಸರದಲ್ಲಿ ಲೆಕ್ಕ ಸರಿಯಾದರೆ ದೊಡ್ಡದರ ಲೆಕ್ಕ ನಂಬಬಹುದು, ಸದ್ಯಕ್ಕೆ ಉಪಯೋಗ ಅದೇ.

ಅಲ್ಲೀವರೆಗೆ ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಲಿ, ಫ್ರೀಜರ್ ಬೇಡ, ಹೆಪ್ಪುಗಟ್ಟಿದರೂ ಕೆಡುತ್ತೆ. ತೆರೆದದ್ದನ್ನು ತಂಪಾದ ನೆರಳಲ್ಲಿಟ್ಟು ಸಾಮಾನ್ಯವಾಗಿ ನಾಲ್ಕು ವಾರ ಬಳಸಬಹುದು, ಲೇಬಲ್ ಓದಿಕೊಳ್ಳಿ. ಮಡಕೆಯಲ್ಲಿಟ್ಟರೆ ಬಾಟಲಿಗೆ ನೀರು ತಾಗದಂತೆ ಡಬ್ಬಿಯೊಳಗಿಡಿ. 30/70 ಬಾಟಲಿ ಬೆಳ್ಳಗೆ ಮಬ್ಬಾಗಿರೋದು ಸಹಜ, ತಿಳಿಯಾಗಿರಬೇಕಾದ್ದು ಮಬ್ಬಾದರೆ ಬಿಸಾಕಿ. ಅದೇ ಡೋಸ್ ತಗೊಂಡರೂ ಸಕ್ಕರೆ ಏರುತ್ತಿದ್ದರೆ ನೀವಾಗೇ ಹೆಚ್ಚಿಸಬೇಡಿ, ಬಾಟಲಿ ಸಮೇತ ಡಾಕ್ಟರ ಹತ್ತಿರ ಹೋಗಿ.