ಬೋರ್ಡು ಬದಲಾದ ಮೇಲೆ ಬೀದಿಗೆ ಏನು ಬರುತ್ತದೆ?

2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಮಾಡಿದರು. ಬೇಗೂರು, ವರ್ತೂರು, ಬೆಳ್ಳಂದೂರು, ಹೊರಮಾವಿನ ಕಡೆ ಪಂಚಾಯಿತಿಯ ಬೋರ್ಡು ಇಳಿದು ಪಾಲಿಕೆಯ ಬೋರ್ಡು ಏರಿತು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತದ ನೀರಿನ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿನ ಬಹುಪಾಲು ಮನೆಗಳು ಬೋರ್‌ವೆಲ್ ಮತ್ತು ಟ್ಯಾಂಕರನ್ನೇ ನಂಬಿದ್ದವು. ಕಂದಾಯದ ಚೀಟಿ ಮಾತ್ರ ಇಷ್ಟು ತಡಮಾಡಲಿಲ್ಲ.

ಹೀಗಾಗಲು ಕಾರಣ ಸರಳ. ಮನೆಗೆ ಬೇಕಾದದ್ದೆಲ್ಲ ಒಂದೇ ಕಚೇರಿಯಲ್ಲಿಲ್ಲ. ನೀರು, ಒಳಚರಂಡಿ ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಜಮೀನಿನ ಪರಿವರ್ತನೆ ಜಿಲ್ಲಾಧಿಕಾರಿಯದು, ಊರು ಎತ್ತ ಬೆಳೆಯಬೇಕೆಂಬ ನಕ್ಷೆ ಬಹುಕಾಲ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು (ಬಿಡಿಎ). ಪಾಲಿಕೆಯ ಪಾಲಿಗೆ ಉಳಿದದ್ದು ಕಸ, ರಸ್ತೆ, ಖಾತೆ, ಕಟ್ಟಡದ ಪ್ಲಾನು. ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಮೊದಲನೆಯದೇ ನಗರ ಯೋಜನೆ. ಅದನ್ನೇ ಪಾಲಿಕೆಗೆ ಕೊಡಲಿಲ್ಲ.

ಒಂದು ಸೈಟು ಕಾನೂನುಬದ್ಧವಾಗಿ ಹುಟ್ಟುವ ದಾರಿ ನೋಡಿದರೆ ಇದು ಇನ್ನಷ್ಟು ತಿಳಿಯುತ್ತದೆ. ಮೊದಲು ಮಹಾಯೋಜನೆಯ ನಕ್ಷೆಯಲ್ಲಿ ಆ ಸರ್ವೆ ನಂಬರು ವಸತಿ ವಲಯದಲ್ಲಿರಬೇಕು, ಅಂದರೆ ಹಳದಿ ಬಣ್ಣದಲ್ಲಿ. ಆಮೇಲೆ 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಕೃಷಿ ಜಮೀನನ್ನು ಕೃಷಿಯೇತರವಾಗಿ ಪರಿವರ್ತಿಸಬೇಕು. ಬ್ರೋಕರುಗಳು ‘ಡಿಸಿ ಕನ್ವರ್ಷನ್ ಆಗಿದೆ, ಎಲ್ಲಾ ಕ್ಲಿಯರ್ ಸಾರ್’ ಅನ್ನುವುದು ಈ ಹಂತದಲ್ಲಿ. ಆದರೆ ಮುಖ್ಯವಾದ ಕೆಲಸ ಇನ್ನೂ ಬಾಕಿ ಇರುತ್ತದೆ: ಯೋಜನಾ ಪ್ರಾಧಿಕಾರ ಬಡಾವಣೆಯ ನಕ್ಷೆಯನ್ನು ಒಪ್ಪಬೇಕು. ಒಪ್ಪುವಾಗ ರಸ್ತೆಗಳನ್ನು ಬಿಡಿಸಿಕೊಳ್ಳುತ್ತದೆ, ಬೆಂಗಳೂರಿನ ನಿಯಮದಂತೆ ಶೇ. 10ರಷ್ಟು ಜಾಗವನ್ನು ಉದ್ಯಾನಕ್ಕೂ ಶೇ. 5ರಷ್ಟನ್ನು ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯಕ್ಕೂ ಎತ್ತಿಡುತ್ತದೆ.

ರೆವಿನ್ಯೂ ಸೈಟುಗಳು, ಅಂದರೆ ಬಡಾವಣೆಯ ನಕ್ಷೆಗೆ ಒಪ್ಪಿಗೆಯಿಲ್ಲದೆ ಮಾರುವ ಸೈಟುಗಳು, ಹಾರಿಹೋಗುವುದು ಈ ಹಂತವನ್ನೇ. ಬೆಲೆ ಕಡಿಮೆ, ಏಕೆಂದರೆ ಪಾರ್ಕಿನ ಜಾಗವೂ ಸೈಟಾಗಿ ಮಾರಾಟವಾಗಿದೆ. ಕೊಂಡವರನ್ನು ಬೈದು ಪ್ರಯೋಜನವಿಲ್ಲ. ಸರ್ಕಾರಿ ಬಡಾವಣೆಯ ಸೈಟಿಗೆ ಅರ್ಜಿ ಹಾಕಿ ಕಾಯುತ್ತಾ ಕೂದಲು ನರೆತವರೇ ಅಲ್ಲಿಗೆ ಹೋಗುತ್ತಾರೆ. ಆದರೆ ಪರಿಣಾಮ ಇಡೀ ಕೇರಿಯ ಮೇಲೆ. ಇಪ್ಪತ್ತು ಅಡಿ ರಸ್ತೆಯಲ್ಲಿ ಅಗ್ನಿಶಾಮಕದ ವಾಹನ ತಿರುಗುವುದಿಲ್ಲ, ಓವರ್‌ಹೆಡ್ ಟ್ಯಾಂಕ್ ಕಟ್ಟಲು, ಅಂಗನವಾಡಿಗೆ ಜಾಗ ಹುಡುಕಿದರೂ ಸಿಗುವುದಿಲ್ಲ. ಮುಂದೆ ಪಾಲಿಕೆಗೆ ಸೇರಿದಾಗ, ಅದರ ಬಳಿ ಹಣವಿದ್ದರೂ ನೆಲವಿರುವುದಿಲ್ಲ.

ಇಂಥ ಸ್ವತ್ತುಗಳಿಗೆಂದೇ ಬಂದದ್ದು ಬಿ-ಖಾತೆ. ಖಾತೆ ಎಂದರೆ ಒಡೆತನದ ಪತ್ರವಲ್ಲ, ತೆರಿಗೆಯ ಪುಸ್ತಕದಲ್ಲಿ ಒಂದು ನಮೂದು. ಅಕ್ರಮವೆಂದು ತಾನೇ ಹೇಳುವ ಸ್ವತ್ತಿನಿಂದ ಸರ್ಕಾರ ವರ್ಷವರ್ಷವೂ ತೆರಿಗೆ ವಸೂಲಿ ಮಾಡುತ್ತದೆ, ತೆರಿಗೆ ಕಟ್ಟಿದ ಮಾತ್ರಕ್ಕೆ ಸಕ್ರಮವಾಗದು ಎಂದೂ ಹೇಳುತ್ತದೆ. ಅಕ್ರಮ-ಸಕ್ರಮ ಯೋಜನೆಗೆ ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು. 2025ರಲ್ಲಿ ರಾಜ್ಯದ ಉಳಿದ ಪಟ್ಟಣಗಳಿಗೂ ಬಿ-ಖಾತೆಯನ್ನು ಸರ್ಕಾರ ವಿಸ್ತರಿಸಿತು. ಬೆಂಗಳೂರಿನಲ್ಲಿ ಮಾರ್ಗಸೂಚಿ ದರದ ಶೇ. 5 ಕಟ್ಟಿ ಸಕ್ರಮ ಸ್ವತ್ತಿನ ಎ-ಖಾತೆಗೆ ಬದಲಾಯಿಸಿಕೊಳ್ಳುವ ಅವಕಾಶ ಪ್ರಕಟವಾಯಿತು. ಬ್ಯಾಂಕ್ ಸಾಲಕ್ಕೆ, ಮಾರಾಟಕ್ಕೆ ಇದರಿಂದ ಅನುಕೂಲ ಉಂಟು. ಬಿಟ್ಟುಹೋದ ಪಾರ್ಕು ಮಾತ್ರ ಶುಲ್ಕ ಕಟ್ಟಿದರೆ ಹುಟ್ಟುವುದಿಲ್ಲ.

ಈಗ ಆಡಳಿತದ ಚೌಕಟ್ಟೇ ಮತ್ತೆ ಬದಲಾಗಿದೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಗೆ ಬಂತು, ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ಪಾಲಿಕೆಗಳು ಬಂದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಮುಖ್ಯಮಂತ್ರಿಗಳೇ ಅದರ ಅಧ್ಯಕ್ಷರು. ಯೋಜನೆಯ ಅಧಿಕಾರ ಬಿಡಿಎಯಿಂದ ಈ ಪ್ರಾಧಿಕಾರಕ್ಕೆ ಹೋಯಿತು, ಬಡಾವಣೆ ಮಾಡುವ ಕೆಲಸ ಬಿಡಿಎ ಬಳಿಯೇ ಉಳಿಯಿತು. ಚಿಕ್ಕ ಪಾಲಿಕೆ ಹತ್ತಿರದ ಪಾಲಿಕೆ ಎಂಬ ವಾದದಲ್ಲಿ ಹುರುಳಿದೆ. ಆದರೆ ನಕ್ಷೆ ಬರೆಯುವ ಕೈ ಮೇಯರುಗಳ ಕೈಗಿಂತ ಮೇಲೆಯೇ ಇದೆ ಎಂಬುದನ್ನು ಮರೆಯಬಾರದು. ಬಿಬಿಎಂಪಿಗೆ ಚುನಾವಣೆ ನಡೆದದ್ದು ಎರಡೇ ಸಲ, 2010 ಮತ್ತು 2015ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ, ಪಾಲಿಕೆ ಅಳಿಯುವವರೆಗೂ ಆಡಳಿತಾಧಿಕಾರಿಗಳದೇ ರಾಜ್ಯಭಾರ. ಕಾರ್ಪೊರೇಟರಿಲ್ಲದ ವಾರ್ಡಿನಲ್ಲಿ ಗಡಿ ಎಲ್ಲಿ ಎಳೆದರೂ ಚರಂಡಿ ಕಟ್ಟಿಕೊಂಡಾಗ ಹೋಗಿ ಕೇಳುವ ಮನೆಬಾಗಿಲು ಇರುವುದಿಲ್ಲ.

ಅವಧಿ ಮುಗಿದ ಕತೆ ಹಳೆಯ ನಕ್ಷೆಯದೂ ಹೌದು. 2007ರಲ್ಲಿ ಒಪ್ಪಿಗೆಯಾದ, 2015ರವರೆಗಿನ ಮಹಾಯೋಜನೆಯೇ ಆಮೇಲೂ ವರ್ಷಗಟ್ಟಲೆ ಓಡಿತು. 2031ರ ಕರಡು ಬಂದು ವಾಪಸ್ಸಾಯಿತು. ಹೊಸ ನಕ್ಷೆ ಇಲ್ಲದಾಗ ಬದಲಾವಣೆ ಬಿಡಿಬಿಡಿಯಾಗಿ ನುಸುಳುತ್ತದೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಸೆಕ್ಷನ್ ಅಡಿ ಒಂದೇ ಜಾಗದ ಭೂಬಳಕೆಯನ್ನು, ಉದಾಹರಣೆಗೆ ವಸತಿಯಿಂದ ವಾಣಿಜ್ಯಕ್ಕೆ, ಬದಲಾಯಿಸಬಹುದು. ಅದಕ್ಕೆ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಟೆಂಡರು, ‘ಕಳೆದುಹೋಗಿದೆ’ ಜಾಹೀರಾತುಗಳ ಮಧ್ಯೆ ಸಣ್ಣಕ್ಷರದಲ್ಲಿ ಸರ್ವೆ ನಂಬರಿನ ಸಮೇತ ಬರುವ ಆ ಪ್ರಕಟಣೆಯನ್ನು ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದಲ್ಲಿ ಒಬ್ಬರಾದರೂ ಗಮನಿಸುತ್ತಿರಬೇಕು. ಆಕ್ಷೇಪಣೆಯನ್ನು ಬಿಳಿ ಹಾಳೆಯಲ್ಲಿ ಬರೆದು, ಪ್ರಾಧಿಕಾರದಲ್ಲಿ ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಗಡುವು ಮುಗಿದ ಮೇಲೆ ಶಾಸಕರ ಮನೆಗೆ ನಿಯೋಗ ಹೋಗುವುದಕ್ಕಿಂತ ಆ ಮೊಹರಿಗೆ ತೂಕ ಹೆಚ್ಚು. ವಿಷಯ ಕೋರ್ಟಿಗೆ ಹೋದರೆ ಮೊದಲು ಕೇಳುವುದೂ ಅದನ್ನೇ.